ಅರ್ಧ ಚಹಾದ ತವರ

ಒಬ್ಬ ಕಲಾಯಿಗಾರ ಒಂದು ದಿನ ಅರ್ಧ ಲೋಟ ಚಹಾ ಬೇಡ ಅಂದ. ಮುಂದೆ ಏನಾಯಿತು, ಊಹಿಸಿ ನೋಡೋಣ.

ಅವನ ಆರೋಗ್ಯ ಸುಧಾರಿಸಿತು ಎನ್ನುವಿರಾ? ಅವನ ಆರೋಗ್ಯಕ್ಕೆ ಮೊದಲೂ ಏನೂ ಆಗಿರಲಿಲ್ಲ. ಚಹಾದವನಿಗೂ ಅವನಿಗೂ ಮಾತು ಬಿಟ್ಟುಹೋಯಿತು ಎನ್ನುವಿರಾ? ಅದೂ ಅಲ್ಲ, ಅವರಿಬ್ಬರ ಸ್ನೇಹ ಇನ್ನಷ್ಟು ಗಟ್ಟಿಯಾಯಿತು. ಇಪ್ಪತ್ತೊಂದು ಕೊಪ್ಪರಿಗೆಗಳು ಬೆಳ್ಳಿಯಂತೆ ಹೊಳೆದವು ಎಂದು ಯಾರಾದರೂ ಊಹಿಸಿದ್ದರೆ ಅವರು ಈ ಕತೆಯನ್ನು ಮೊದಲೇ ಕೇಳಿದವರಿರಬೇಕು. ಅಂಥವರೂ ಕೂತುಕೊಳ್ಳಿ. ಒಳ್ಳೆಯ ಕತೆಯನ್ನು ಎರಡು ಸಲ ಕೇಳಿದರೆ ನಷ್ಟವೇನಿಲ್ಲ. ಇದಕ್ಕೆ ಖರ್ಚೂ ಇಲ್ಲ.

ಹೇಳಿದವರು ಹಾಲಯ್ಯಜ್ಜಾರು. ಕೇಳಿದವನು ಅವರ ಶಿಷ್ಯ ಮಲ್ಲಿನಾಥ, ಹೈಸ್ಕೂಲಿನ ಡ್ರಿಲ್ ಮಾಸ್ತರ. ಅವನು ಅಂದು ಬಂದವನೇ ನಮಸ್ಕಾರ ಮಾಡಿ, ಕೂಡುವುದಕ್ಕೂ ಮೊದಲೇ ಪ್ರಶ್ನೆ ಇಟ್ಟ.

"ಅಜ್ಜಾರ, ನಾನು ಕುಡಿಯುವವನಲ್ಲ, ಇಸ್ಪೀಟು ಮುಟ್ಟಿದವನಲ್ಲ. ಬಂಗಾರ ಕೊಂಡಿಲ್ಲ, ಗಾಡಿ ಕೊಂಡಿಲ್ಲ. ನಾನು ಮಾಡುವುದೆಲ್ಲ ಸಣ್ಣ ಸಣ್ಣ ಖರ್ಚು. ಆದರೂ ತಿಂಗಳ ಕೊನೆಗೆ ಕೈ ಬರಿದು. ದೊಡ್ಡದೇನನ್ನೂ ಮಾಡದವನಿಗೆ ಇಂಥ ಗತಿ ಯಾಕೆ?"

ಅಜ್ಜಾರು ಅವನನ್ನು ಕೂರಿಸಿದರು. ಉತ್ತರ ಹೇಳಲಿಲ್ಲ, ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಕಲಾಯಿಗಾರ ಇದ್ದ. ಹೆಸರು ಇಮಾಮಸಾಬ. ಊರವರಿಗೆ ಕಲಾಯಿ ಮಾಮು. ತಾಮ್ರದ, ಹಿತ್ತಾಳೆಯ ಪಾತ್ರೆಗಳ ಒಳಮೈಗೆ ತವರ ಬಳಿಯುವುದು ಅವನ ಕೆಲಸ. ಬಳಿಯದ ಪಾತ್ರೆಯಲ್ಲಿ ಸಾರು ಇಟ್ಟರೆ ಕಿಲುಬು ಏರುತ್ತದೆ. ಆದ್ದರಿಂದ ಅಡುಗೆ ಇರುವ ತನಕ ಅವನಿಗೆ ಕೆಲಸ ಇತ್ತು. ಹಳೇ ಬಾವಿಯ ಓಣಿಯಲ್ಲಿ ಐದು ಜನ ಕಲಾಯಿಗಾರರು ಸಾಲಾಗಿ ಕೂರುತ್ತಿದ್ದರು. ಮಾಮು ಮೂರನೆಯವನು. ಅವನು ಪಾತ್ರೆ ಹಿಡಿದರೆ, ಹೆಂಡತಿ ಮಾಬೂಬಿ ತಿದಿ ಒತ್ತಿ ಬೆಂಕಿಗೆ ಗಾಳಿ ಹಾಕುತ್ತಿದ್ದಳು.

ಆ ತಿದಿ ಅವರದಲ್ಲ. ಐದೂ ತಿದಿಗಳು ಒಬ್ಬ ಇದ್ದಿಲು ವರ್ತಕನವು. ಬೆಳಿಗ್ಗೆ ಅವನ ಗೋದಾಮಿನಿಂದ ಬಾಡಿಗೆಗೆ ತರಬೇಕು, ಹೊತ್ತು ಮುಳುಗುವ ಮೊದಲು ಹಿಂದಿರುಗಿಸಬೇಕು. ಹದಿನಾಲ್ಕು ವರ್ಷ ಮಾಬೂಬಿ ಅದನ್ನು ಹೊತ್ತು ತಂದಳು, ಹೊತ್ತು ಒಯ್ದಳು.

ಒಂದು ಯುಗಾದಿ ಹತ್ತಿರ ಬಂದಾಗ ವರ್ತಕ ಐವರನ್ನೂ ಕರೆದ. ತನಗೆ ವಯಸ್ಸಾಯಿತು, ಬರುವ ವರ್ಷದ ಯುಗಾದಿಗೆ ವ್ಯಾಪಾರ ಮುಚ್ಚುತ್ತೇನೆ ಎಂದ. ಅಷ್ಟರೊಳಗೆ ಬೆಲೆ ಕೊಟ್ಟವರಿಗೆ ಅವರವರ ತಿದಿ; ಕೊಡದವರ ತಿದಿಗಳು ಪಕ್ಕದ ಊರಿನ ಕಮ್ಮಾರನ ಪಾಲು. ಬೆಲೆಯನ್ನೂ ಹೇಳಿದ. ಅನ್ಯಾಯದ ಬೆಲೆಯಲ್ಲ. ಆದರೆ ಐವರಲ್ಲಿ ಒಬ್ಬರ ಕೈಯಲ್ಲೂ ಅಷ್ಟು ಒಟ್ಟಿಗೆ ಇದ್ದ ದಿನವಿರಲಿಲ್ಲ.

ತಿದಿ ಹೋದರೆ ಬೆಂಕಿ ಹೋಯಿತು. ಬೆಂಕಿ ಹೋದರೆ ಕಸುಬು ಹೋಯಿತು. ಗಂಡ ಹೆಂಡಿರು ಯಾವುದಾದರೂ ಖಾನಾವಳಿಯಲ್ಲಿ ಬೇರೆಯವರು ಕಲಾಯಿ ಹಾಕಿದ ಪಾತ್ರೆ ತಿಕ್ಕಿಕೊಂಡಿರಬೇಕು. ಮಾಬೂಬಿ ಇದನ್ನು ಆವತ್ತೇ ಹೇಳಿದಳು. ಸ್ವಲ್ಪ ಸ್ವಲ್ಪ ಉಳಿಸೋಣ ಅಂದಳು. ಮಾಮು ಕೈ ಚೆಲ್ಲಿದ. ಎಲ್ಲಿಂದ ಉಳಿಸಲಿ, ಬೀಡಿ ಸೇದುವವನಲ್ಲ, ನಾಟಕಕ್ಕೆ ಹೋಗುವವನಲ್ಲ, ಹುಟ್ಟಿದಾಗಿನಿಂದ ಒಂದು ಪೂರ್ತಿ ಲೋಟ ಚಹಾ ಸಹ ಕುಡಿದವನಲ್ಲ ಎಂದ.

ಅದು ನಿಜ. ಅವನು ಪೂರ್ತಿ ಚಹಾ ಕುಡಿದದ್ದನ್ನು ಯಾರೂ ನೋಡಿರಲಿಲ್ಲ.

ಇಲ್ಲಿ ಅಜ್ಜಾರು ಮಲ್ಲಿನಾಥನ ಮುಖ ನೋಡಿದರು. ಬೈಟು ಗೊತ್ತಲ್ಲ ಎಂದು ಕೇಳಿದರು. ಗೊತ್ತಿಲ್ಲದೆ ಏನು. ಒಂದು ಚಹಾ ಹೇಳಿ ಎರಡು ಲೋಟಕ್ಕೆ ಹಾಕಿಸಿಕೊಳ್ಳುವುದು. ನಮ್ಮ ನಾಡಿನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಬರುತ್ತದೆ. ಡ್ರಿಲ್ ಮಾಸ್ತರ ತಲೆ ಆಡಿಸಿದ. ಅಜ್ಜಾರು ಮುಂದುವರಿಸಿದರು.

ಆ ಓಣಿಯ ನೇಮ ಹೀಗಿತ್ತು. ಒಬ್ಬನೇ ಕೂತು ಇಡೀ ಚಹಾ ಕುಡಿಯುವವನು ದುಂದುಗಾರ. ಇನ್ನೊಬ್ಬನನ್ನು ಕರೆದು ಹಂಚಿಕೊಂಡು ಕುಡಿಯುವವನು ಮನೆತನಸ್ಥ. ಬೆಳಿಗ್ಗೆ ಬೀಗ ರಿಪೇರಿಯವನು ಕರೆಯುತ್ತಿದ್ದ. ಅವನ ಜೊತೆ ಅರ್ಧ. ಸ್ವಲ್ಪ ಹೊತ್ತಿಗೆ ಛತ್ರಿ ರಿಪೇರಿಯ ದಸ್ತಗೀರ ಕರೆಯುತ್ತಿದ್ದ. ಅವನ ಜೊತೆ ಅರ್ಧ. ಕರೆದವನಿಗೆ ತಿರುಗಿ ಕರೆಯಬೇಕು, ಇಲ್ಲವಾದರೆ ಮರ್ಯಾದೆಯಲ್ಲ. ಇವತ್ತು ಒಬ್ಬ ಕಾಸು ಕೊಟ್ಟರೆ ನಾಳೆ ಇನ್ನೊಬ್ಬ. ಅಂಚೆಯವನು ಬಂದರೆ ಅವನ ಜೊತೆ. ಪಾತ್ರೆ ತಂದ ಗಿರಾಕಿ ಪರಿಚಯದವನಾದರೆ ಅವನ ಜೊತೆ. ಹೊತ್ತು ಮುಳುಗುವುದರೊಳಗೆ ಮಾಮುವಿಗೆ ಎಂಟೋ ಒಂಬತ್ತೋ ಅರ್ಧಗಳು. ಪ್ರತಿ ಸಲವೂ ಅವನ ಬಾಯಲ್ಲಿ ಒಂದೇ ಮಾತು: ಅರ್ಧ ತಾನೆ.

ಬಾಯಾರಿಕೆಗೆ ಕುಡಿದದ್ದು ಒಂದೂ ಇಲ್ಲ. ಯಾರೋ ಕರೆದರು, ಅದಕ್ಕೆ ಕುಡಿದ. ಕರೆದವನಿಗೂ ಬೇಕಾಗಿರಲಿಲ್ಲ. ಅರ್ಧ ಹಂಚಿಕೊಳ್ಳಲು ಜನ ಸಿಕ್ಕಿದ್ದಾರೆ ಎಂದು ಕರೆದ. ಹೀಗೆ ಇಬ್ಬರು ಮಿತವ್ಯಯಿಗಳು ಸೇರಿ ಯಾರಿಗೂ ಬೇಡದ ಒಂದು ಚಹಾಕ್ಕೆ ಕಾಸು ಕೊಡುತ್ತಿದ್ದರು.

ಒಂದು ಮಧ್ಯಾಹ್ನ ಒಬ್ಬ ಮುದುಕಿ ದೊಡ್ಡ ಹಂಡೆ ತಂದಳು. ಮಾಮು ಹಂಡೆಯೊಳಗೆ ಮರಳು ಹಾಕಿ, ಕಾಲಿಟ್ಟು ತಿರುಗಿ ತಿರುಗಿ ಉಜ್ಜಿದ. ಬೆಂಕಿಯ ಮೇಲೆ ಕಾಯಿಸಿದ. ನವಸಾಗರದ ಪುಡಿ ಉದುರಿಸಿದ, ಬಿಳಿ ಹೊಗೆ ಎದ್ದಿತು. ಆಮೇಲೆ ಅಡಕೆ ಗಾತ್ರದ ತವರ ತೆಗೆದು ಒಳಗೆ ಇಟ್ಟ. ಮುದುಕಿ ಅದನ್ನು ನೋಡಿ ತಕರಾರು ತೆಗೆದಳು. ಇಷ್ಟು ದೊಡ್ಡ ಹಂಡೆಗೆ ಅಷ್ಟೇ ಅಷ್ಟಾ, ನನ್ನನ್ನು ಕಣ್ಣು ಕಾಣದವಳು ಅಂದುಕೊಂಡಿಯಾ ಎಂದು ಕೇಳಿದಳು.

ಮಾಮುವಿಗೆ ಕಸುಬಿನ ಅಭಿಮಾನ ಬಂತು. "ಯವ್ವಾ, ಕಣ್ಣು ಬಿಟ್ಟು ನೋಡ್ತಾ ಇರು. ಈ ಅಡಕೆಯಷ್ಟರಲ್ಲೇ ಹಂಡೆ ತುಂಬಾ ಬೆಳಗತೈತಿ. ನಮ್ಮ ಕೆಲಸದಾಗ ಸಣ್ಣದು ಅನ್ನೋದು ಇಲ್ಲ."

ಹೇಳಿದಂತೆಯೇ ಅರಳೆಯಿಂದ ಒರೆಸಿದ. ತವರ ನೀರಾಗಿ ಓಡಿತು. ತಳ, ಹೊಟ್ಟೆ, ಕಂಠ, ಎಲ್ಲ ಕಡೆ ಹರಡಿತು. ಮುದುಕಿ ಹಂಡೆಯೊಳಗೆ ಬಗ್ಗಿ ತನ್ನ ಮುಖ ನೋಡಿಕೊಂಡು ಸೆರಗು ಸರಿಪಡಿಸಿಕೊಂಡಳು.

ಅದೇ ಹೊತ್ತಿಗೆ ಎದುರಿನಿಂದ ದಸ್ತಗೀರ ಕೂಗಿದ, ಮಾಮು ಅರ್ಧಾ ಅರ್ಧಾ ಎಂದು. ಕೇಳುವುದಕ್ಕೆ ಮೊದಲೇ ಚಹಾ ಎರಡು ಲೋಟಕ್ಕೆ ಬಿದ್ದಾಗಿತ್ತು. ಮಾಮು ಅರಳೆ ಕೆಳಗಿಟ್ಟು, ಅರ್ಧ ತಾನೆ, ಬಂದೆ ಅಂದ.

ಮಾಬೂಬಿ ತಿದಿ ನಿಲ್ಲಿಸಿದಳು. ಅವಳು ತಿದಿ ನಿಲ್ಲಿಸಿದರೆ ಬೆಂಕಿಯೂ ತಿರುಗಿ ನೋಡುತ್ತದೆ.

"ಈಗ ಆ ಯವ್ವಗ ಏನೋ ಹೇಳಿದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳ್ರಿ."

ಮಾಮು ಬಾಯಿ ತೆರೆದ. ಸಣ್ಣದು ಅನ್ನೋದು ಇಲ್ಲ ಎಂಬ ಮಾತು ಬಾಯಿಯ ತನಕ ಬಂತು. ಅವನು ಹಂಡೆ ನೋಡಿದ. ಎದುರಿನ ಅರ್ಧ ಲೋಟ ನೋಡಿದ. ಹದಿನಾಲ್ಕು ವರ್ಷ ಹೊತ್ತ ತಿದಿಯನ್ನೂ, ಅದರ ಹಿಡಿ ಸವೆಸಿದ ಕೈಯನ್ನೂ ನೋಡಿದ. ನೋಡಿ, ದಸ್ತಗೀರನ ಕಡೆ ತಿರುಗಿ, ಬೇಡ ಅಂದ.

ಓಣಿ ಇದನ್ನು ನಂಬಲಿಲ್ಲ. ಅದು ರಂಜಾನ್ ಮುಗಿದು ಹದಿನೈದು ದಿನವಾದ ಹೊತ್ತು. ದಸ್ತಗೀರ ಎರಡೂ ಲೋಟ ಹಿಡಿದು ನಿಂತು, ಮಾಮು, ಚಂದ್ರ ಕಂಡು ಎಷ್ಟು ದಿನ ಆಯ್ತು, ನಿಂಗೆ ಮಾತ್ರ ಯಾರೂ ಹೇಳಿಲ್ಲೇನು ಎಂದು ಕೇಳಿದ. ಎಲ್ಲರೂ ನಕ್ಕರು. ಮಾಬೂಬಿ ಅದನ್ನೇ ಹಿಡಿದಳು. ರೋಜಾ ಹಿಡಿದು ಹಗಲೆಲ್ಲ ಒಂದು ತಿಂಗಳು ಬಿಟ್ಟಾಗ ಕೈ ನಡುಗಲಿಲ್ಲ, ಕಲಾಯಿ ಕೆಡಲಿಲ್ಲ, ಅಂದಮೇಲೆ ಇದು ಬೇಕೇ ಬೇಕು ಎಂದವರು ಯಾರು ಅಂದಳು. ದಸ್ತಗೀರ ಬೇರೆ ಜೊತೆ ಹುಡುಕಿದ. ಸಿಗಲಿಲ್ಲ. ಎರಡು ಅರ್ಧವನ್ನೂ ತಾನೇ ಕುಡಿದು, ಇಡೀ ಚಹಾದ ಕಾಸು ಕೊಟ್ಟು, ಸಂಜೆಯ ತನಕ ಗೊಣಗಿದ.

ಬೇಡ ಅಂದದ್ದು ಸುಲಭ. ಉಳಿದ ಕಾಸನ್ನು ಕಾಯುವುದು ಕಷ್ಟ. ಜೇಬಿನಲ್ಲಿದ್ದರೆ ಅದು ಸಂಜೆಗೆ ಮೆಣಸಿನಕಾಯಿ ಬಜ್ಜಿಯಾಗುತ್ತದೆ. ಡಬ್ಬಿಯಲ್ಲಿದ್ದರೆ ಅಳಿಯ ಬಂದ ದಿನ ಜಿಲೇಬಿಯಾಗುತ್ತದೆ. ಇದು ಮಾಮುವಿಗೆ ತನ್ನ ಬಗ್ಗೆ ಗೊತ್ತಿತ್ತು. ತನ್ನ ಬಗ್ಗೆ ಗೊತ್ತಿರುವುದು ದೊಡ್ಡ ಆಸ್ತಿ. ಆ ಸಂಜೆ ಅವನು ತವರದ ಅಂಗಡಿಗೆ ಹೋಗಿ, ಬೇಡ ಅಂದ ಅರ್ಧ ಚಹಾದ ಕಾಸು ಮುಂದಿಟ್ಟು, ಇಷ್ಟಕ್ಕೆ ತವರ ಕೊಡಿ ಎಂದ.

ಅಂಗಡಿಯ ಶೆಟ್ಟರು ನಕ್ಕರು. ಇಷ್ಟು ಸಣ್ಣದಕ್ಕೆ ನನ್ನ ಹತ್ತಿರ ತೂಕದ ಕಲ್ಲೇ ಇಲ್ಲವಲ್ಲ ಮಾಮು ಅಂದರು. ಮಾಮು ನೆಲದ ಮೇಲೆ ಬಿದ್ದಿದ್ದ ಒಂದು ಹುಣಸೆಬೀಜ ಎತ್ತಿ ತಕ್ಕಡಿಯಲ್ಲಿಟ್ಟ. ನಿಮ್ಮ ಬುದ್ಧಿ ಇಷ್ಟು ದಿನ ಎಲ್ಲಿತ್ತು ಎಂದು ಶೆಟ್ಟರು ಕೇಳಿದರು. ಚಹಾದ ಅಂಗಡಿಯಲ್ಲಿತ್ತು ಎಂದು ಮಾಮು ಹೇಳಿದ. ಕಾಸಾಗಿ ಇಟ್ಟುಕೊಳ್ಳಬಾರದೇ, ತವರ ಯಾಕೆ ಎಂಬ ಪ್ರಶ್ನೆಗೂ ಅವನ ಹತ್ತಿರ ಉತ್ತರವಿತ್ತು. ಕಾಸು ಕೊಟ್ಟರೆ ಯಾರಾದರೂ ಚಹಾ ಕೊಡುತ್ತಾರೆ, ತವರಕ್ಕೆ ಯಾರೂ ಕೊಡುವುದಿಲ್ಲ.

ಹೀಗೆ ಶುರುವಾಯಿತು. ಮೊದಲ ವಾರ ಓಣಿಯವರು ಕಿಚಾಯಿಸಿದರು. ಅರ್ಧ ಮಾಮು ಎಂದು ಹೆಸರಿಟ್ಟರು. ಬೀಗದವನು, ಇವನ ಹತ್ತಿರ ಕೂತರೆ ನಮ್ಮ ಚಹಾವೂ ತವರವಾದೀತು ಎಂದು ದೂರ ಸರಿದು ಕೂತ. ಮಾಮುವಿಗೆ ಬೇಸರವಾದದ್ದು ಚಹಾ ಹೋಯಿತೆಂದಲ್ಲ, ಮಾತು ಹೋಯಿತಲ್ಲ ಎಂದು. ಅವನು ಬರಿಗೈಯಲ್ಲೇ ಹೋಗಿ ಕಟ್ಟೆಯ ಮೇಲೆ ಕೂತ. ಎಂದಿನಂತೆ ಸುದ್ದಿ ಹೇಳಿದ. ಎಂದಿನಂತೆಯೇ ಎಲ್ಲರೂ ನಕ್ಕರು. ಮಾತಿಗೆ ಲೋಟ ಬೇಕಾಗಿಲ್ಲ ಎಂದು ಅವನಿಗೆ ಆವತ್ತು ತಿಳಿಯಿತು. ಓಣಿಗೆ ತಿಳಿಯಲು ಇನ್ನೂ ಒಂದು ತಿಂಗಳು ಹಿಡಿಯಿತು.

ಚಹಾದ ಅಂಗಡಿಯವನು ಏನು ಮಾಡಿದ? ಅವನು ಜಾಣ. ಮಾಮುವನ್ನು ಕರೆದು, ಎಂಟು ಸಲ ಅರ್ಧ ಕುಡಿದು ಒಂದು ಸಲವೂ ರುಚಿ ನೋಡದ ಮನುಷ್ಯ ನೀನು, ದಿನಕ್ಕೊಂದು ಸಲ ಪೂರ್ತಿ ಕುಡಿ, ಕೂತು ಕುಡಿ ಅಂದ. ಮಾಮುವಿಗೆ ಇದು ಸರಿ ಕಂಡಿತು. ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಗಂಡ ಹೆಂಡತಿ ಒಂದೊಂದು ಇಡೀ ಲೋಟ ತರಿಸಿ, ಬೆಂಕಿಯ ಪಕ್ಕ ಕಾಲು ಚಾಚಿ ಕುಡಿಯುತ್ತಿದ್ದರು. ಹದಿನಾಲ್ಕು ವರ್ಷ ಆ ಓಣಿಯಲ್ಲಿ ಹೊಗೆ ಕುಡಿದ ಮಾಬೂಬಿಗೆ ಯಾರೂ ಅರ್ಧವನ್ನೂ ಕೊಟ್ಟಿರಲಿಲ್ಲ. ಅವಳ ಪಾಲಿಗೆ ಅದು ಹಬ್ಬ. ಅದು ಖರ್ಚಲ್ಲ ತಮ್ಮಾ ಎಂದು ಅಜ್ಜಾರು ಕತೆಯ ನಡುವೆ ಹೇಳಿದರು. ಬೇಕೆಂದು ಕೂತು ಕುಡಿದದ್ದು ಖರ್ಚಲ್ಲ.

ಉಳಿದ ಕರೆಗಳಿಗೆಲ್ಲ ಬೇಡ. ಪ್ರತಿ ಬೇಡಕ್ಕೂ ಒಂದು ಹುಣಸೆಬೀಜದ ತೂಕದ ತವರ. ಮಳೆಗಾಲದಲ್ಲಿ ಜಡಿ ಹಿಡಿದಾಗ ನಾಲ್ಕು ದಿನ ಜಾರಿದ. ಐದನೆಯ ದಿನ ಎದ್ದು ಮತ್ತೆ ಶೆಟ್ಟರ ಅಂಗಡಿಗೆ ಹೋದ. ಚೂರುಗಳು ಕೂಡಿದಾಗ ಕರಗಿಸಿ ಮಣ್ಣಿನ ಹಣತೆಗೆ ಹೊಯ್ಯುತ್ತಿದ್ದ. ಆರಿದ ಮೇಲೆ ಗಟ್ಟಿ ಬಿಲ್ಲೆ. ಮಾಬೂಬಿ ಅದನ್ನು ಗೋಣಿಚೀಲದಲ್ಲಿ ಹಾಕಿ ಜೋಳ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಇಡುತ್ತಿದ್ದಳು. ಮೊದಮೊದಲು ಚೀಲವನ್ನು ಎರಡು ಬೆರಳಿನಲ್ಲಿ ಎತ್ತುತ್ತಿದ್ದವಳು, ದೀಪಾವಳಿಗೆ ಎರಡು ಕೈ ಹಾಕಿ ಎತ್ತಿದಳು.

ಮುಂದಿನ ಯುಗಾದಿಗೆ ತಿಂಗಳು ಉಳಿದಿತ್ತು. ಇದ್ದಿಲು ವರ್ತಕ ಪಕ್ಕದ ಊರಿನ ಕಮ್ಮಾರನಿಗೆ ಹೇಳಿ ಕಳಿಸಿದ್ದ. ಕಮ್ಮಾರ ಬಂದು ಐದೂ ತಿದಿಗಳ ಚರ್ಮ ತಟ್ಟಿ ನೋಡಿ ಹೋಗಿದ್ದ. ಮಾಮುವಿನ ತವರವನ್ನು ಮಾರಿದರೂ ತಿದಿಯ ಬೆಲೆ ಮುಟ್ಟುವುದಿಲ್ಲ, ಸ್ವಲ್ಪ ಕಡಿಮೆ ಬೀಳುತ್ತದೆ. ಆ ಸ್ವಲ್ಪಕ್ಕೆ ಏನು ಮಾಡುವುದೆಂದು ಇಬ್ಬರಿಗೂ ತೋಚಲಿಲ್ಲ.

ಆಗ ಒಂದು ಮಠದ ಅಡುಗೆಯವನು ಗಾಡಿ ಹೊಡೆದುಕೊಂಡು ಓಣಿಗೆ ಬಂದ. ಮಠದಲ್ಲಿ ಪುರಾಣ ಮುಗಿಯುವ ದಿನ ಊರಿಗೆಲ್ಲ ಪ್ರಸಾದ. ಇಪ್ಪತ್ತೊಂದು ಕೊಪ್ಪರಿಗೆಗಳಿಗೆ ಐದು ದಿನದಲ್ಲಿ ಕಲಾಯಿ ಆಗಬೇಕು. ಕೂಲಿ ಕೈತುಂಬ. ಮೊದಲನೆಯ ಕಲಾಯಿಗಾರ ತವರವಿಲ್ಲ ಅಂದ. ಎರಡನೆಯವನೂ ಅದನ್ನೇ ಅಂದ. ಆ ಓಣಿಯವರು ಅಂದಂದಿನ ತವರ ಅಂದಂದು ಬೆಳಿಗ್ಗೆ ಕೊಳ್ಳುವವರು. ಶೆಟ್ಟರ ಅಂಗಡಿಗೆ ಮೂರು ವಾರದಿಂದ ತವರದ ಲಾರಿ ಬಂದಿರಲಿಲ್ಲ. ಶೆಟ್ಟರ ಹತ್ತಿರ ಬರಿ ತಕ್ಕಡಿ ಇತ್ತು, ಹುಣಸೆಬೀಜವಿತ್ತು, ತವರವಿರಲಿಲ್ಲ.

ಅಡುಗೆಯವನು ಬೇರೆ ಊರಿಗೆ ಹೋಗಲು ಎತ್ತು ತಿರುಗಿಸಿದ. ಮಾಮು ಎದ್ದು ನಿಂತು, ಕೊಪ್ಪರಿಗೆ ಇಳಿಸಿರಿ ಎಂದ.

ಮಾಬೂಬಿ ಮನೆಗೆ ಹೋಗಿ ಗೋಣಿಚೀಲ ತಂದಳು. ಈ ಸಲ ಕೈಯಲ್ಲಿ ಆಗಲಿಲ್ಲ, ತಲೆಯ ಮೇಲೆ ಹೊತ್ತು ತಂದಳು. ಓಣಿಯ ನಡುವೆ ಸುರಿದಳು. ಹಣತೆಯಾಕಾರದ ಬಿಲ್ಲೆಗಳು ಒಂದರ ಮೇಲೊಂದು ಬಿದ್ದವು. ದಸ್ತಗೀರ ಛತ್ರಿಯ ಕಡ್ಡಿ ಕೈಯಲ್ಲಿ ಹಿಡಿದೇ ಬಂದು ಬಗ್ಗಿ ನೋಡಿದ. ಇದೆಲ್ಲ ಎಲ್ಲಿಯದು ಎಂದು ಕೇಳಿದ. ನೀನು ಕುಡಿಸಬೇಕೆಂದಿದ್ದ ಚಹಾ ಎಂದಳು ಮಾಬೂಬಿ.

ಇಪ್ಪತ್ತೊಂದು ಕೊಪ್ಪರಿಗೆ ಒಬ್ಬನಿಂದ ಆಗುವುದಲ್ಲ. ಮಾಮು ಉಳಿದ ನಾಲ್ವರನ್ನೂ ಕೂಲಿಗೆ ಕರೆದ. ತವರ ಅವನದು, ಕೆಲಸ ಎಲ್ಲರದು. ಐದು ಬೆಂಕಿಗಳು ಒಟ್ಟಿಗೆ ಉರಿದವು. ಒಬ್ಬೊಬ್ಬ ಮನುಷ್ಯ ಒಂದೊಂದು ಕೊಪ್ಪರಿಗೆಯೊಳಗೆ ಇಳಿದು ಕಾಲಲ್ಲಿ ಮರಳು ತಿರುಗಿಸಿದ. ದೂರದಿಂದ ನೋಡಿದವರಿಗೆ ಐದು ತಲೆಗಳು ಕುಣಿಯುತ್ತಿರುವಂತೆ ಕಂಡಿತು. ಚಹಾಕ್ಕೆ ಕರೆಯಲು ಯಾರಿಗೂ ಬಿಡುವಾಗಲಿಲ್ಲ. ಐದು ದಿನ ಹೇಳಿದ್ದ ಕೆಲಸ ನಾಲ್ಕೇ ದಿನಕ್ಕೆ ಮುಗಿಯಿತು. ಅಡುಗೆಯವನು ಒಂದೊಂದರಲ್ಲೂ ಮುಖ ನೋಡಿ, ಇಪ್ಪತ್ತೊಂದು ಸಲ ಮೀಸೆ ತಿರುವಿಕೊಂಡು, ಹೇಳಿದ ಕೂಲಿಯ ಮೇಲೆ ಒಂದು ಚೀಲ ಅಕ್ಕಿಯನ್ನೂ ಇಳಿಸಿ ಹೋದ.

ನಾಲ್ವರಿಗೆ ಕೂಲಿ ಕೊಟ್ಟು ಮಾಮು ನೇರ ಇದ್ದಿಲು ವರ್ತಕನ ಗೋದಾಮಿಗೆ ನಡೆದ. ಮಾಬೂಬಿ ಹಿಂದೆ ನಡೆದಳು. ಅವರ ಹಿಂದೆ ಓಣಿ ನಡೆಯಿತು. ವರ್ತಕ ಕೆಟ್ಟವನಲ್ಲ. ಬಡವ ಬಂದಿದ್ದಾನೆ ಎಂದು ಕನಿಕರಪಟ್ಟು, ಈಗ ಅರ್ಧ ಕೊಡು, ಉಳಿದರ್ಧ ನಿಧಾನವಾಗಿ ಕೊಡುವಿಯಂತೆ ಎಂದ.

"ಅರ್ಧದ ವ್ಯವಹಾರ ಬಿಟ್ಟೇನ್ರಿ ಯಜಮಾನ್ರ. ಪೂರ್ತಿ ತಗೊಳ್ರಿ."

ಹಣ ಮುಂದಿಟ್ಟ. ವರ್ತಕ ಎದ್ದು ತಿದಿಯನ್ನು ಎರಡು ಕೈಯಲ್ಲಿ ಎತ್ತಿ ಕೊಟ್ಟ. ಮಾಮುವಿಗೆ ಕೊಡಲಿಲ್ಲ, ಮಾಬೂಬಿಗೆ ಕೊಟ್ಟ. ಅವನೂ ಹದಿನಾಲ್ಕು ವರ್ಷದಿಂದ ನೋಡಿದವನು. ಅವಳು ಅದನ್ನು ತಲೆಯ ಮೇಲಿಟ್ಟು, ಪೇಟೆಯ ನಡುಬೀದಿಯಲ್ಲಿ, ನಿಧಾನವಾಗಿ, ಎಲ್ಲರಿಗೂ ಕಾಣುವಂತೆ ಮನೆಗೆ ಹೊತ್ತು ನಡೆದಳು. ಬಳೆಯಂಗಡಿಯವರು ಎದ್ದು ನಿಂತರು. ಶೆಟ್ಟರು ತಕ್ಕಡಿ ಬಿಟ್ಟು ಹೊರಗೆ ಬಂದರು. ಹೊತ್ತು ಮುಳುಗಿತು. ತಿದಿ ಹಿಂದಿರುಗಲಿಲ್ಲ.

ಮರುದಿನ ಬೆಳಿಗ್ಗೆ ದಸ್ತಗೀರ ಮಾಮುವಿನ ಹತ್ತಿರ ಬಂದು, ಒಂದು ಹಣತೆ ಇದ್ದರೆ ಕೊಡು ಎಂದು ಕೇಳಿದನಂತೆ. ಆ ವರ್ಷ ಯುಗಾದಿಗೆ ಕಮ್ಮಾರ ಗಾಡಿ ತಂದಾಗ ಅವನಿಗೆ ನಾಲ್ಕು ತಿದಿ ಸಿಗಲಿಲ್ಲ, ಮೂರೇ ಸಿಕ್ಕವು. ಎರಡನೆಯ ಕಲಾಯಿಗಾರನಿಗೆ ಕೊರತೆ ಬಿದ್ದದ್ದನ್ನು ಮಾಮು ತುಂಬಿಕೊಟ್ಟಿದ್ದ. ಉಳಿದ ಮೂವರೂ ಇವರಿಬ್ಬರ ಬೆಂಕಿಯ ಪಕ್ಕದಲ್ಲಿ ಕೂತು ಕೆಲಸ ಮಾಡಿದರು. ಯಾರೂ ಖಾನಾವಳಿಗೆ ಹೋಗಲಿಲ್ಲ.

ಅಜ್ಜಾರು ಕತೆ ನಿಲ್ಲಿಸಿದರು.

ಮಲ್ಲಿನಾಥನ ಮುಖ ಅರಳಿತ್ತು. ತಾನೇ ತಿದಿ ಗೆದ್ದವನಂತೆ ಎದೆಯುಬ್ಬಿಸಿ ಕೂತಿದ್ದ. ತಿಳಿಯಿತು ಅಜ್ಜಾರ, ಪೂರ್ತಿ ತಿಳಿಯಿತು ಎಂದ. ತನ್ನ ಅರ್ಧಗಳು ಯಾವುವು ಎಂಬುದೂ ಹೊಳೆಯಿತು, ಒಂದೊಂದನ್ನೂ ಬಿಡುತ್ತೇನೆ, ಇವತ್ತೊಂದು ದಿನ ಗೆಳೆಯರಿಗೆ ಬರುತ್ತೇನೆಂದು ಮಾತು ಕೊಟ್ಟಿದ್ದೇನೆ, ನಾಳೆಯಿಂದ ಶುರು ಎಂದು ಎದ್ದು ನಿಂತ.

ಅಜ್ಜಾರು ನಕ್ಕರು. ಅವರು ಆಮೇಲೆ ಆಡಿದ್ದು ಒಂದೇ ಮಾತು. ಅದನ್ನು ಕೇಳಿ ಡ್ರಿಲ್ ಮಾಸ್ತರ ನಿಂತವನು ಮತ್ತೆ ಕೂತ, ಗೆಳೆಯರ ಕಡೆ ಹೋಗಲಿಲ್ಲ.

"ನಾಳೆ ಅನ್ನೋ ವಾರ ಯಾವ ಪಂಚಾಂಗದಾಗೂ ಇಲ್ಲ ತಮ್ಮಾ, ಮಾಮು ಬೇಡ ಅಂದದ್ದು ಸಾವಿರದ ಒಂಬೈನೂರಾ ಅರವತ್ತಮೂರನೇ ಇಸವಿ, ಮಾರ್ಚ್ ಹನ್ನೆರಡು, ಮಂಗಳವಾರ."